ಹತ್ತೊಂಬತ್ತನೆಯ ಮಾತು

ಹಗಲು ಅಚ್ಚುಕೂಟದಲ್ಲಿ ಕರಡು ತಿದ್ದುವುದು ಅವಳ ಹೊಟ್ಟೆಪಾಡು. ಅಂತರ್ಜಾಲದ ಉಕ್ತಿ ಸಂಗ್ರಹಕ್ಕೆ ಬಿಟ್ಟಿ ದುಡಿಯುವುದು ಅವಳ ಹುಚ್ಚು. ಮೂವತ್ತು ಚಿಲ್ಲರೆ ಭಾಷೆಗಳ ಜನ ಕೂಡಿ ಕಟ್ಟಿದ ಸಂಗ್ರಹ ಅದು. ಯಾರದೇ ಮಾತನ್ನು ಯಾರು ಬೇಕಾದರೂ ಸೇರಿಸಬಹುದು, ಆದರೆ ಯಾವ ಪುಸ್ತಕ, ಎಷ್ಟನೇ ಪುಟ ಎಂದು ತೋರಿಸಬೇಕು. ತೋರಿಸದಿದ್ದರೆ ಭಾನುವಾರ ಅವಳು ಅಳಿಸುತ್ತಾಳೆ. ಬಳಗದಲ್ಲಿ ಅದಕ್ಕೆ ಕಳೆ ಕೀಳುವುದು ಎಂದೇ ಹೆಸರು. ಆಧಾರದ ಜಾಗ ಖಾಲಿ ಕಂಡರೆ ಸಾಕು, ಒಳಗೆ ಓದುವ ಗೊಡವೆಯೇ ಇಲ್ಲದೆ ಒಂದೇ ಏಟಿಗೆ ನೂರು ಪುಟ ಕಿತ್ತ ದಿನವೂ ಉಂಟು. ಅದನ್ನು ಮನೆಯಲ್ಲಿ ಹೇಳಿಕೊಂಡು ಬೀಗಿದ್ದಳು ಬೇರೆ, ಪುಣ್ಯಾತ್ಗಿತ್ತಿ.

ಶನಿವಾರ ಬೆಳಿಗ್ಗೆ ಅಣ್ಣನ ಫೋನು ಬಂತು. ಲಿಫ್ಟ್ ರಿಪೇರಿ ಮಾಡುವವನು, ಮಾತು ಕಡಿಮೆ.

"ಮಗಳು ಅಜ್ಜಿ ಹೇಗೆ ಮಾತಾಡ್ತಿದ್ರು ಅಂತ ಕೇಳ್ತಾಳೆ. ನಾಳೆ ಕರ್ಕೊಂಡು ಬರ್ತೀನಿ. ಅಮ್ಮನ ಮಾತೆಲ್ಲ ನಿನ್ನ ಸಂಗ್ರಹದಲ್ಲೇ ಇದೆಯಲ್ಲ, ಓದಿ ಹೇಳು."

"ಯಾವ ಮಾತು?"

"ಕೊನೇ ತಿಂಗಳು ಆಸ್ಪತ್ರೇಲಿ ಹೇಳ್ತಾ ಹೋದ್ಲು, ನಾನು ಬರ್ಕೊಂಡೆ. ಹತ್ತೊಂಬತ್ತು. 'ಒಬ್ಬ ದರ್ಜಿ ಹೆಂಗಸು' ಅಂತ ಹಾಕಿದ್ದೆ. ಹೇಗೂ ನಿನ್ನ ಕಣ್ಣಿಗೆ ಬೀಳುತ್ತೆ ಅಂತ."

ಅವಳು ಸಂಗ್ರಹ ತೆರೆದು ಆ ಹೆಸರು ಹುಡುಕಿದಳು. ಪುಟ ಇರಲಿಲ್ಲ, ದಾಖಲೆಯಲ್ಲಿ ಒಂದು ಸಾಲು ಮಾತ್ರ ಇತ್ತು. ಅಳಿಸಿದವಳು ಅವಳೇ. ಅಮ್ಮ ತೀರಿಕೊಂಡ ಮೂರನೇ ವಾರ, ದುಃಖ ಮರೆಯಲೆಂದು ಕಳೆ ಕೀಳಲು ಕುಳಿತ ಭಾನುವಾರ.

ಅಳಿಸಿದ ಪುಟ ಎರಡು ವರ್ಷ ಒಳಗೆಲ್ಲೋ ಉಳಿದಿರುತ್ತದೆ. ಈಗ ಮೂರಾಗಿತ್ತು. ಸಂಗ್ರಹದ ಯಂತ್ರ ನೋಡಿಕೊಳ್ಳುವವನಿಗೆ ಬರೆದಳು, ಕಾಲು ಹಿಡಿಯುವುದೊಂದು ಬಾಕಿ. ಏನೂ ಇಲ್ಲ ಎಂದ. ಒಂದೊಂದೇ ಭಾಷೆಯ ಪುಟಗಳನ್ನು ಜಾಲಾಡಿದಳು. ಅನ್ನ ನೀರು ಬೇಡವಾಯಿತು. ಸಂಜೆಯ ಹೊತ್ತಿಗೆ, ಅವಳಿಗೆ ಓದಲು ಬಾರದ ಲಿಪಿಯಲ್ಲಿ, ಮೂಲವೆಂದು ಆ ಅಳಿಸಿದ ಪುಟದ ಕೊಂಡಿ ಕೊಟ್ಟು ಯಾರೋ ಅನುವಾದಿಸಿಟ್ಟಿದ್ದ ಒಂದೇ ಒಂದು ಮಾತು ಸಿಕ್ಕಿತು. ಅನುವಾದಿಸಿದವರನ್ನೇ ಬೇಡಿಕೊಂಡು ಅರ್ಥ ಬರೆಸಿಕೊಂಡು ಕನ್ನಡಕ್ಕೆ ತಂದಳು.

ಮರುದಿನ ಅಣ್ಣ ಮಗಳೊಡನೆ ಬಂದ. ಮುಚ್ಚಿಡಲು ಅವಳಿಗೆ ಧೈರ್ಯ ಬರಲಿಲ್ಲ. ಎಲ್ಲವನ್ನೂ ಹೇಳಿ, ಸಿಕ್ಕ ಒಂದನ್ನು ಓದಿದಳು: "ಅಳತೆ ಕೊಡುವಾಗ ಉಸಿರು ಬಿಗಿಹಿಡಿಯುವವರಿಗೆ ಯಾವ ಉಡುಪೂ ಹೊಂದುವುದಿಲ್ಲ."

"ಅಜ್ಜಿ ಹೀಗೆ ಮಾತಾಡ್ತಿದ್ರಾ?" ಎಂದಿತು ಮಗು.

"ಇಲ್ಲಮ್ಮ," ಎಂದ ಅಣ್ಣ. "ವಿಷಯ ಅದೇ. ಮಾತು ಅವಳದಲ್ಲ."

"ನೀನು ಬರ್ಕೊಂಡ ಹಾಳೆ?" ಎಂದಳು ಅವಳು.

"ಎಸೆದುಬಿಟ್ಟೆ. ಅಲ್ಲಿ ಸೇರಿದ್ದು ಎಲ್ಲೂ ಹೋಗಲ್ಲ ಅಂತ ನೀನೇ ಹೇಳ್ತಿದ್ಯಲ್ಲ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ. ಮಗಳಿಗೆ ಚಪ್ಪಲಿ ಹಾಕಿಸಿ ಹೊರಟವನು ಬಾಗಿಲ ಬಳಿ ನಿಂತ.

"ಕೊನೇದು ನಿನಗೇ ಅಂತ ಹೇಳಿದ್ಲು. ಹತ್ತೊಂಬತ್ತನೇದು. ಇಷ್ಟು ದಿನ ನೀನು ಓದಿದೀಯ ಅಂತಲೇ ಅಂದ್ಕೊಂಡಿದ್ದೆ."

ಅವಳು ಅವನ ತೋಳು ಹಿಡಿದುಕೊಂಡಳು. "ಏನಂದಿದ್ಲು ಅಣ್ಣ? ಒಂದು ಪದ ಆದ್ರೂ ಹೇಳು."

ಅವನು ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದ.

"ಚೆನ್ನಾಗಿತ್ತು ಕಣೇ," ಎಂದ. "ಅಷ್ಟೇ ನೆನಪಿರೋದು."