ಕುಂಕುಮವಿಟ್ಟ ಕಂಪ್ಯೂಟರ್

ಆಯುಧಪೂಜೆಯ ದಿನ ಯಾವ ಯಂತ್ರವನ್ನೂ ಮುಟ್ಟಬಾರದೆಂಬುದು ತಿರುಪ್ಪೂರಿನ ಆ ಬನಿಯನ್ ಕಂಪನಿಯಲ್ಲಿ ಎಲ್ಲರೂ ಪಾಲಿಸುತ್ತಿದ್ದ ಕಟ್ಟಳೆ. ಹೊಲಿಗೆ ಯಂತ್ರ, ಕತ್ತರಿ, ಕಂಪ್ಯೂಟರ್ ಎಲ್ಲಕ್ಕೂ ಗಂಧ ಕುಂಕುಮವಿಟ್ಟು, ಕರ್ಪೂರ ಬೆಳಗಿ, ಪುರಿ ಕಡಲೆ ಹಂಚಿದರೆ ಮುಗಿಯಿತು. ಮರುದಿನದವರೆಗೆ ಅವಕ್ಕೆ ವಿಶ್ರಾಂತಿ. ಹಾಸನದಿಂದ ಬಂದ ಭಾವನಾ ಈ ಕಟ್ಟಳೆ ಮುರಿಯುವವಳೇ ಅಲ್ಲ. ಬೀಗ ಹಾಕಿದ ಮೇಲೂ ಬಾಗಿಲನ್ನು ಮತ್ತೆ ಮತ್ತೆ ಎಳೆದು ನೋಡುವ ಹೆಣ್ಣು ಅವಳು.

ಆದರೆ ಈ ಸಲ, ಪುರಿಯ ತಟ್ಟೆಗಳ ನಡುವೆಯೇ, ಬೆಳ್ಳಿಯಮ್ಮನ ಕೆಲಸ ಹೋಗುತ್ತಿತ್ತು.

ಬೆಳ್ಳಿಯಮ್ಮ ಚೆಕಿಂಗ್ ವಿಭಾಗದ ಮೇಲ್ವಿಚಾರಕಿ. ಪಕ್ಕದ ಅವಿನಾಶಿ ಊರಿನ ಕಡೆಯ ಹಳೆಯ ಕನ್ನಡ ಮನೆತನದವಳು. ಮಕ್ಕಳ ಟೀ-ಶರ್ಟುಗಳ ಕತ್ತು ಕಿರಿದಾಗಿ, ತಲೆಯೇ ತೂರದೆ, ಮಾಲೆಲ್ಲ ಹಿಂದಿರುಗಿತ್ತು.

"ಶೀಟಲ್ಲಿದ್ದ ಅಳತೆಗೇ ಪಾಸ್ ಮಾಡಿದ್ದು, ಮೊದಲಾಳಿ," ಎಂದಳು ಬೆಳ್ಳಿಯಮ್ಮ, ಮಾಲೀಕ ಕಂದಸಾಮಿಯ ಎದುರು ನಿಂತು.

"ಶೀಟಲ್ಲಿ ಅಳತೆ ಸರಿಯಾಗೇ ಇದೆ," ಎಂದ ಮ್ಯಾನೇಜರ್ ಷಣ್ಮುಗಂ. "ಈಯಮ್ಮ ಟೇಪು ಹಿಡಿದಿದ್ದು ಯಾವಾಗ ಅಂತ ಕೇಳಿ."

ಯಾರೋ ನಕ್ಕರು. ಬೆಳ್ಳಿಯಮ್ಮನ ಕೊರಳಿನ ಟೇಪು ಅಲುಗಿತು.

ಭಾವನಾ ಕಂಪ್ಯೂಟರಿನತ್ತ ನೋಡಿದಳು. ಕಂಪನಿಯ ದಾಖಲೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಕಾಯುವುದು ಅವಳ ಕೆಲಸ. ಪೂಜೆಗೆಂದು ಕಚೇರಿ ಗುಡಿಸುವಾಗ, ಮೌಸ್ ಕಂಡರೆ ಮೂಗು ಮುರಿಯುತ್ತಿದ್ದ ಷಣ್ಮುಗಂ, "ಹಳೇ ಕಸ ಆರ್ಕೈವ್‌ಗೆ ಹಾಕೋದು ನಾನೇ ಮಾಡ್ತೀನಮ್ಮ, ನೀನು ಮಾವಿನೆಲೆ ಕಟ್ಟು," ಎಂದಿದ್ದ. ಆಗಲೇ ಅವಳಿಗೆ ಕಸಿವಿಸಿಯಾಗಿತ್ತು. ಕಾಗದದ ಹಳೆಯ ಪ್ರತಿಗಳೂ ಅಂದೇ ಹಿತ್ತಲಲ್ಲಿ ಉರಿದು ಬೂದಿಯಾಗಿದ್ದವು. ಆರ್ಕೈವ್‌ಗೆ ಹೋದದ್ದೂ ಹಾಗೇ ಬೂದಿಯಾಯಿತೆಂದು ನಂಬಿದ್ದ ಆತ. ಅದು ಕಣ್ಣಿಂದ ಮರೆಯಾಗುತ್ತದೆ ಅಷ್ಟೆ, ಸಾಯುವುದಿಲ್ಲ ಎಂಬುದು ಗೊತ್ತಿದ್ದವಳು ಅವಳೊಬ್ಬಳೇ.

ಅವಳು ಎದ್ದು ಹೋಗಿ ಕಂಪ್ಯೂಟರಿನ ಸ್ವಿಚ್ ಒತ್ತಿದಳು.

"ಏಯ್! ಪೂಜೆ ಇಟ್ಟಿದ್ದನ್ನ ಮುಟ್ತೀಯಾ?" ಷಣ್ಮುಗಂ ಅಬ್ಬರಿಸಿದ. "ಕರ್ನಾಟಕದಲ್ಲಿ ಸರಸ್ವತಿ ಇಲ್ವಾ?"

"ಇದಾಳೆ ಸಾರ್. ಸುಳ್ಳಿಗೆ ಕಾವಲು ಕೂರೋದಿಲ್ಲ ಅವಳು."

ತನ್ನ ಬಾಯಿಂದಲೇ ಬಂದ ಮಾತಿಗೆ ಅವಳೇ ಬೆಚ್ಚಿದಳು. ಬೆಳ್ಳಿಯಮ್ಮ ಹತ್ತಿರ ಬಂದು ಪಿಸುಗುಟ್ಟಿದಳು: "ಬೇಡ ಅಮ್ಮಣಿ. ನಿನ್ ವೇಲೆಯೂ ಹೋಗ್ಬಿಡ್ತದೆ."

"ಹೋಗ್ಲಿ, ಅಕ್ಕ. ಬೇರೆ ಕೆಲಸ ಹುಡುಕ್ಕೋತೀನಿ."

"ನಾಳೆ ನೋಡೋಣಮ್ಮ," ಎಂದರು ಕಂದಸಾಮಿ.

"ಇವರನ್ನ ಇವತ್ತೇ ಕಳಿಸ್ತಿದ್ದೀರಲ್ಲ ಸಾರ್? ಹಾಗಾದ್ರೆ ಇದನ್ನೂ ಇವತ್ತೇ ನೋಡಿ."

ಭಾವನಾ ಕೀಲಿಗಳ ಮೇಲಿದ್ದ ಚೆಂಡುಹೂವಿನ ಎಸಳುಗಳನ್ನು ಸರಿಸಿ ಆರ್ಕೈವ್ ತೆರೆದಳು. ಟೀ-ಶರ್ಟಿನ ಹೆಸರು ಹಾಕಿ ಹುಡುಕಿದಳು. ಬೆಳ್ಳಿಯಮ್ಮ ಪಾಸ್ ಮಾಡುವಾಗ ಇದ್ದ, ಆಮೇಲೆ ಹೊಸದು ಬಂದು ಮರೆಯಾದ ಹಳೆಯ ಅಳತೆಯ ಶೀಟ್ ಅಲ್ಲೇ ಮಲಗಿತ್ತು. ರಿಸ್ಟೋರ್ ಒತ್ತಿದಳು. ಅದು ಹೋದ ಜಾಗಕ್ಕೇ ಮರಳಿತು, ತನ್ನ ಇಡೀ ಚರಿತ್ರೆ ಹೊತ್ತುಕೊಂಡು.

"ಇಂಗ್ಲಿಷು ನಂಗೆ ಬರಲ್ಲ," ಎಂದಳು ಬೆಳ್ಳಿಯಮ್ಮ. ಈಗ ಅವಳ ದನಿ ಪಿಸುಮಾತಾಗಿರಲಿಲ್ಲ. "ತಮಿಳಲ್ಲೇ ಓದು, ಅಮ್ಮಣಿ. ನಕ್ಕೋರಿಗೂ ಕೇಳ್ಲಿ."

ಭಾವನಾ ತನ್ನ ಹರಕು ತಮಿಳಿನಲ್ಲಿ ಗಟ್ಟಿಯಾಗಿ ಓದಿದಳು: ಕತ್ತಿನ ಕಿರಿದಾದ ಅಳತೆ; ಅದಕ್ಕೆ ಒಪ್ಪಿಗೆ ಕೊಟ್ಟವರು ಷಣ್ಮುಗಂ; ಮಾಲು ಹಿಂದಿರುಗಿದ ಮೇಲೆ ಆರ್ಕೈವ್‌ಗೆ ಹಾಕಿದವರು ಷಣ್ಮುಗಂ.



"ಪ್ರಿಂಟ್ ತೆಗಿ," ಎಂದರು ಕಂದಸಾಮಿ, ಷಣ್ಮುಗಂನತ್ತ ನೋಡದೆ.

ಪ್ರಿಂಟರಿನ ಮೇಲೂ ಹಾರವಿತ್ತು. ಬೆಳ್ಳಿಯಮ್ಮ ಅದನ್ನು ಎರಡೂ ಕೈಯಿಂದ ಎತ್ತಿ, ಕಣ್ಣಿಗೊತ್ತಿಕೊಂಡು, ಪಕ್ಕಕ್ಕಿಟ್ಟು, ತಾನೇ ಸ್ವಿಚ್ ಹಾಕಿದಳು.