ಟ್ಯೂಷನ್ ಮಿಸ್ಸಿನ ಮಗಳು

"ಸ್ವಲ್ಪ ಓರೆ ಮಾಡ್ರಪ್ಪಾ, ಕಾಲು ತಾಗ್ತಿದೆ!" ಎಂದು ಸೋದರಮಾವ ಕೂಗಿದ. ಟ್ಯೂಷನ್ನಿನ ಉದ್ದ ಮೇಜು ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಅದು ಹೊರಗೆ ಹೋಗದೆ, ತೀರಿಕೊಂಡ ಅಮ್ಮನನ್ನು ಮಲಗಿಸಲು ಜಾಗವಿರಲಿಲ್ಲ. "ಅಕ್ಕ ಇದನ್ನ ಒಳಗೆ ತರಿಸಿದ್ದಾದ್ರೂ ಹೇಗೋ, ದೇವರಿಗೇ ಗೊತ್ತು."

ಮಗಳು ಗೋಡೆಗೆ ಒರಗಿ ನಿಂತಿದ್ದಳು. ನಿದ್ದೆಗೆಟ್ಟ ಕಣ್ಣಿಗೆ ಎಲ್ಲವೂ ಮಂಜಿನಾಚೆ ನಡೆಯುತ್ತಿರುವಂತೆ ಕಾಣುತ್ತಿತ್ತು. ಊರ ಮಕ್ಕಳೆಲ್ಲ ಗಣಿತ ಕಲಿತ ಆ ಮೇಜಿಗೆ ಅಮ್ಮ ಅವಳೊಬ್ಬಳನ್ನು ಸೇರಿಸಿರಲಿಲ್ಲ. 'ಹಿತ್ತಲ ಗಿಡ ಮದ್ದಲ್ಲ' ಎಂದು ನಕ್ಕು, ಹತ್ತನೇ ತರಗತಿಯಲ್ಲಿ ಹಿಂದಿನ ಬೀದಿಯ ಮೇಷ್ಟ್ರ ಹತ್ತಿರ ಕಳಿಸಿದ್ದಳು. ಊರಿಗೆಲ್ಲ ಮಿಸ್ಸು, ಮಗಳಿಗೆ ಬರೀ ಅಡುಗೆಮನೆಯ ಅಮ್ಮ. ಆ ಉರಿ ಇನ್ನೂ ಆರಿರಲಿಲ್ಲ. ಈ ಹೊತ್ತಿನಲ್ಲೂ ಅವಳಿಗೆ ಅಳು ಬಂದಿರಲಿಲ್ಲ.

ಅಂತೂ ಮೇಜು ಅಂಗಳಕ್ಕೆ ಬಂತು. ಸಮವಸ್ತ್ರದ ಮಕ್ಕಳು, ಹಳೆಯ ವಿದ್ಯಾರ್ಥಿಗಳು ಅದರ ಸುತ್ತ ಸೇರಿದರು. ಈಗ ನರ್ಸ್ ಆಗಿರುವ ಒಬ್ಬಳು ಬಂದು ಮಗಳ ಕೈ ಹಿಡಿದಳು.

"ಮಿಸ್ಸು ನಮಗೆ ಒಂದಿನಾನೂ ಪಾಠ ಮಾಡಿಲ್ಲ, ಗೊತ್ತಾ ಅಕ್ಕಾ?"

"ಮತ್ತೆ?"

"ಪಾಠ ಮಾಡ್ತಿದ್ದಿದ್ದು ನಾವು. ಅವರು ಗಲ್ಲಕ್ಕೆ ಕೈ ಕೊಟ್ಟು ಕೂತು, 'ನಂಗೆ ತಲೆಗೆ ಹೋಗ್ಲಿಲ್ಲ, ಇನ್ನೊಂದ್ಸಲ ಹೇಳು' ಅನ್ನೋರು. ಹೇಳ್ತಾ ಹೇಳ್ತಾ ನಮ್ಮ ತಪ್ಪು ನಮಗೇ ಕಾಣೋದು."

"ಸ್ಕೂಲಲ್ಲಿ ಗೊತ್ತಿಲ್ಲ ಅಂದ್ರೆ ಬೈಗುಳ. ಇಲ್ಲಿ ಮಿಸ್ಸಿಗೇ ಗೊತ್ತಿರ್ತಿರಲಿಲ್ಲ!" ಎಂದ ಪಕ್ಕದಲ್ಲಿದ್ದ ಬಸ್ ಡ್ರೈವರ್. ಎಲ್ಲರೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಮಗಳು ಮಾತ್ರ ನಗಲಿಲ್ಲ.

*

ಅಡುಗೆಮನೆಯ ತುಂಬ ಹಬೆ. ಅಮ್ಮ ಪಾತ್ರೆ ತೊಳೆಯುತ್ತಿದ್ದಾಳೆ. ಮೇಷ್ಟ್ರ ಮನೆಯಿಂದ ಬಂದ ಮಗಳು ಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತಿದ್ದಾಳೆ.

"ಇವತ್ತು ಏನು ಹೇಳಿಕೊಟ್ರು?"

"ವೃತ್ತದ ಸ್ಪರ್ಶಕ."

"ಹಾಗಂದ್ರೆ?"

ಮಗಳು ಒದ್ದೆ ತಟ್ಟೆಯ ಅಂಚಿಗೆ ಚಮಚದ ಹಿಡಿ ತಾಗಿಸಿ ತೋರಿಸುತ್ತಾಳೆ.

"ಅಯ್ಯೋ, ನಂಗೆ ತಲೆಗೆ ಹೋಗ್ಲಿಲ್ಲ. ಇನ್ನೊಂದ್ಸಲ ಹೇಳು."

"ನೀನೂ ಒಬ್ಳು ಮಿಸ್ಸಾ! ಇಷ್ಟೂ ಗೊತ್ತಿಲ್ವಾ?"

ಅಮ್ಮ ಒದ್ದೆ ಕೈಯನ್ನು ಗಲ್ಲಕ್ಕೆ ಕೊಟ್ಟು ಕಾಯುತ್ತಾಳೆ. ಅವಳಿಗೆ ಯಾವ ಅವಸರವೂ ಇಲ್ಲ. ಮಗಳು ಮತ್ತೆ ಮೊದಲಿಂದ ಶುರುಮಾಡುತ್ತಾಳೆ.

*

"ಬಾಮ್ಮಾ, ಗಾಡಿ ಹೊರಡುತ್ತೆ. ಮನೆಯವರು ಮುಂದಿರಬೇಕು," ಎಂದ ಸೋದರಮಾವ.

"ನೀವು ನಡೀರಿ ಮಾವ. ನಾನು ಇವರ ಜೊತೆ ಬರ್ತೀನಿ." ಅಷ್ಟು ಹೇಳುವಷ್ಟರಲ್ಲಿ ಅವಳ ಅಳು ಕಟ್ಟೆಯೊಡೆಯಿತು.

ತೆಳು ಬಿಸಿಲಿನಲ್ಲಿ ಗಾಡಿ ಸದ್ದಿಲ್ಲದೆ ಸಾಗಿತು. ಅದರ ಹಿಂದೆ ಸಮವಸ್ತ್ರದ ಸಾಲು. ತಡವಾಗಿ ಬಂದವರಿಗೆ ಬೆಂಚಿನಲ್ಲಿ ಜಾಗ ಬಿಡುವಂತೆ ಮಕ್ಕಳು ಒತ್ತಿಕೊಂಡು ಸರಿದರು. ಮಗಳು ಅವರ ನಡುವೆ ಸೇರಿಕೊಂಡು ನಡೆದಳು.