ಬಾಲಯೇಸು ಬೇಡವೆಂದವಳು

ಬಾಕ್ಲಾರನ್ ಇಗರ್ಜಿಯ ಬುಧವಾರದ ನೊವೆನಾ ಪ್ರಾರ್ಥನೆಗೆ ಹೋಗಿ ಬರುತ್ತೇನೆಂದು ನಾದಿನಿಗೆ ಹೇಳಿ ಹೊರಟ ಮಾರಿವಿಕ್, ಜೀಪ್ನಿ ಬಸ್ಸಿನಿಂದ ಇಳಿದದ್ದೇನೋ ಇಗರ್ಜಿಯ ಮುಂದೆಯೇ. ಒಳಗೆ ಕಾಲಿಟ್ಟು ಶಿಲುಬೆಯ ಗುರುತನ್ನೂ ಹಾಕಿಕೊಂಡಳು. ಸುಳ್ಳು ಅಷ್ಟಾದರೂ ಕಡಿಮೆಯಾಗಲಿ ಎಂದು. ಆಮೇಲೆ ಇನ್ನೊಂದು ಜೀಪ್ನಿ ಹತ್ತಿ ಕೊಲ್ಲಿಯ ದಂಡೆಯ ಕ್ಯಾಸಿನೊಗೆ ಹೋದಳು.

ಅಂದಿನ ಪೋಕರ್ ಪಂದ್ಯದ ಪ್ರವೇಶವನ್ನು ಅವಳು ಫೋನಿನಲ್ಲಿ ಆಡಿ ಗೆದ್ದಿದ್ದಳು. ಮೂರು ವರ್ಷದಿಂದ ಆಡುತ್ತಿದ್ದಳು, ಅತ್ತೆಯ ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು. ಅತ್ತೆಗೆ ಲಕ್ವ ಹೊಡೆದು ಹನ್ನೊಂದು ವರ್ಷ. ಸ್ವಾಧೀನವಿರುವ ಒಂದು ಕೈಯಿಂದ ಅವರು ಮೂಗಿನ ನಳಿಕೆಯನ್ನು ಕಿತ್ತುಕೊಳ್ಳುತ್ತಾರೆ. ಅದಕ್ಕೇ ಆ ಕೈಯನ್ನು ಯಾರಾದರೂ ಹಿಡಿದೇ ಇರಬೇಕು. ಮಾರಿವಿಕ್‌ಳ ಎಡಗೈ ಅಲ್ಲಿ. ಬಲಗೈಯ ಹೆಬ್ಬೆರಳೊಂದೇ ಅವಳದ್ದು. ಆ ಹೆಬ್ಬೆರಳಿನಿಂದ ಸಾವಿರಾರು ಆಟ ಆಡಿ, ಯಾವ ಎಲೆ ಎಷ್ಟು ಸಲ ಗೆಲ್ಲುತ್ತದೆಂದು ಬಾಯಿಪಾಠ ಮಾಡಿಕೊಂಡಿದ್ದಳು.

ಮದುವೆಗೆ ಮುಂಚೆ ಅವಳು ಗಣಿತದ ಟೀಚರು. ಹತ್ತಿರದ ಕಾನ್ವೆಂಟ್ ಶಾಲೆಯಲ್ಲಿ ಜೂನಿನಿಂದ ಒಂದು ಜಾಗ ಖಾಲಿ ಇತ್ತು. ಶುಕ್ರವಾರದೊಳಗೆ ತಿಳಿಸಿ ಎಂದು ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಹೇಳಿದ್ದರು. ಅತ್ತೆಗೊಬ್ಬ ಆಯಾ ಸಿಕ್ಕರೆ ಹೋಗಬಹುದು. ಹಡಗಿನಲ್ಲಿರುವ ಗಂಡನನ್ನು ಕೇಳಿದ್ದಕ್ಕೆ, "ಆಯಾ ಯಾಕೆ? ನೀನಿದೀಯಲ್ಲ," ಎಂದಿದ್ದ, ಮಳೆಗಾಲದಲ್ಲಿ ಗಿಡಕ್ಕೆ ನೀರು ಯಾಕೆ ಎನ್ನುವವನಂತೆ. ಇವತ್ತಿನ ಪಂದ್ಯದಲ್ಲಿ ಕೊನೆಯ ಹನ್ನೆರಡು ಜನರಿಗೆ ಬಹುಮಾನವಿತ್ತು. ಹನ್ನೆರಡನೆಯ ಬಹುಮಾನ ಬಂದರೂ ಆಯಾಳ ಒಂದು ವರ್ಷದ ಸಂಬಳ ಹುಟ್ಟುತ್ತಿತ್ತು.

ಮೇಜಿನಲ್ಲಿ ಅವಳಿಗೆ ಸಿಕ್ಕಿದ್ದು ಎಲೆ ಹಂಚುವ ಹುಡುಗಿ ಜೊವಿಯ ಎಡಕ್ಕೆ, ತೀರಾ ಪಕ್ಕದ ಕುರ್ಚಿ. ಎಲ್ಲರೂ ತಮ್ಮ ಮುಂದೆ ಏನೇನೋ ಇಟ್ಟುಕೊಂಡಿದ್ದರು. ಒಬ್ಬನದು ಹಳೆಯ ಬೆಳ್ಳಿಯ ಪೆಸೊ ನಾಣ್ಯ, ಒಬ್ಬಳದು ಕವಡೆ. ಅವಳ ಎಡಕ್ಕೆ ಕುಳಿತಿದ್ದ ಮಾಂಗ್ ಎಸ್ತೆಬಾನ್ ಎಂಬ ಮುದುಕನದು ಕೆಂಪು ನಿಲುವಂಗಿಯ, ಹೆಬ್ಬೆರಳುದ್ದದ ಬಾಲಯೇಸು. ಎಲೆ ಬಂದೊಡನೆ ಅದನ್ನು ಅವುಗಳ ಮೇಲೆ ಕೂರಿಸುತ್ತಿದ್ದ.

"ನಿಂದೆಲ್ಲಿ ತಂಗಿ?"

"ಏನು?"

"ಎಲೆ ಮೇಲೆ ಇಡಕ್ಕೆ. ಏನೂ ತಂದಿಲ್ವಾ? ತಗೋ, ನನ್ಹತ್ರ ಇನ್ನೊಬ್ಬ ಇದಾನೆ," ಎಂದು ಜೇಬಿನಿಂದ ಮತ್ತೊಂದು ಬಾಲಯೇಸುವನ್ನು ತೆಗೆದ.

"ಬೇಡಣ್ಣ. ನಾನು ಅದೃಷ್ಟ ನಂಬೋಳಲ್ಲ, ಲೆಕ್ಕ ನಂಬೋಳು."

ಎದುರಿಗಿದ್ದ ಟೋಪಿಯವನು ಹೋ ಎಂದ. "ದೇವರನ್ನೇ ವಾಪಸ್ ಕಳಿಸಿಬಿಟ್ರಲ್ಲ ಅಕ್ಕ! ನಂಗಾದ್ರೂ ಕೊಡಿ ಮಾಂಗ್ ಎಸ್ತೆಬಾನ್."

"ನಿಂಗೆ ಇವನೊಬ್ಬ ಸಾಲಲ್ಲ ಕಣೋ. ಹನ್ನೆರಡು ಜನ ಶಿಷ್ಯರನ್ನೂ ಕರೆಸಬೇಕು."

ಎಲ್ಲರೂ ನಕ್ಕರು. ಮಾರಿವಿಕ್ ಕೂಡ ನಕ್ಕಳು. ಅಪರಿಚಿತರ ನಡುವೆ ಕುಳಿತು ನಕ್ಕು ಎಷ್ಟು ಕಾಲವಾಗಿತ್ತೋ.

ಮೊದಮೊದಲು ತಡವರಿಸಿದಳು. ಫೋನಿನಲ್ಲಾದರೆ ಸರದಿ ಬಂದಾಗ ಗಂಟೆ ಬಾರಿಸುತ್ತದೆ, ಇಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ. ಆದರೆ ಮುಖದ ಮೇಲೆ ಏನೂ ತೋರಗೊಡದಿರುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಪಣದ ಬಿಲ್ಲೆ ಮುಗಿದವರು ಒಬ್ಬೊಬ್ಬರಾಗಿ ಎದ್ದು ಹೋದರು. ಮಧ್ಯಾಹ್ನ ಮೂರರ ಹೊತ್ತಿಗೆ ಎರಡು ಮೇಜಿನಲ್ಲಿ ಸೇರಿ ಹದಿನಾಲ್ಕು ಜನ ಉಳಿದಿದ್ದರು. ಇನ್ನಿಬ್ಬರು ಎದ್ದರೆ ಸಾಕು.

ಆಗ ಅವಳಿಗೆ ಎರಡು ಎಕ್ಕ ಬಂದವು. ಇಸ್ಪೀಟು ಮತ್ತು ಆಟಿನ್. ಅದಕ್ಕಿಂತ ದೊಡ್ಡ ಜೋಡಿಯಿಲ್ಲ.

ಟೋಪಿಯವನು ತನ್ನ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ತಳ್ಳಿದ. ಅವಳಿಗಿಂತ ಅವನಲ್ಲಿ ಹೆಚ್ಚಿದ್ದವು. ನಡುವಿನವರು ಎಲೆ ಬಿಟ್ಟರು. ಮಾರಿವಿಕ್ ಲೆಕ್ಕ ಹಾಕಿದಳು: ಅವನ ಕೈಯಲ್ಲಿ ಯಾವ ಜೋಡಿಯೇ ಇರಲಿ, ಐದರಲ್ಲಿ ನಾಲ್ಕು ಸಲ ಗೆಲುವು ತನ್ನದು. "ನಂದೂ ಎಲ್ಲ," ಎಂದು ತನ್ನ ಬಿಲ್ಲೆಗಳ ಗೋಪುರಗಳನ್ನು ಮುಂದಕ್ಕೆ ತಳ್ಳಿದಳು, ಎರಡೂ ಕೈಯಿಂದ. ಎರಡೂ ಕೈಯಿಂದ ಒಂದು ಕೆಲಸ ಮಾಡುವುದು ಎಷ್ಟು ಸುಖವೆಂದು ಆ ಕ್ಷಣದಲ್ಲಿ ಅನ್ನಿಸಿತು ಕೂಡ.

ಮಾಂಗ್ ಎಸ್ತೆಬಾನ್ ತನ್ನೆರಡು ಎಲೆ ಎಸೆದ. ಅವು ಜಾರಿ ಬಂದು ಅವಳ ಎಲೆಗಳಿಗೆ ತಾಗಿ ನಿಂತವು. ಜೊವಿಯ ಕೈ ಬಂದು ನಾಲ್ಕನ್ನೂ ಒಟ್ಟಿಗೆ ಬಳಿದು, ಬಿಟ್ಟ ಎಲೆಗಳ ರಾಶಿಯೊಳಕ್ಕೆ ಸೇರಿಸಿಬಿಟ್ಟಿತು.

"ನನ್ನ ಎಲೆ!"

ಜೊವಿಯ ಮುಖ ಬಿಳುಪೇರಿತು. "ಮೇಡಂ... ಮೇಲೆ ಏನೂ ಇಟ್ಟಿರಲಿಲ್ಲ ನೀವು..."

ಕೋಟು ತೊಟ್ಟ ಮೇಲ್ವಿಚಾರಕ ಬಂದ. ಎಲ್ಲವನ್ನೂ ಕೇಳಿಸಿಕೊಂಡ. "ಕೈತಪ್ಪು ನಮ್ಮ ಹುಡುಗಿಯದೇ, ಮೇಡಂ. ಆದ್ರೆ ಮೇಲೆ ಏನಾದ್ರೂ ಇಟ್ಟು ಎಲೆ ಕಾಯೋದು ಆಡೋರ ಕೆಲಸ. ರಾಶಿಗೆ ಸೇರಿದ್ದು ಸತ್ತ ಎಲೆ."

"ಎರಡು ಎಕ್ಕ. ಇಸ್ಪೀಟು, ಆಟಿನ್. ತೆಗೆದು ನೋಡಿ ಬೇಕಾದ್ರೆ."

"ಇರಬಹುದು ಮೇಡಂ. ಅಲ್ಲಿರೋ ಎಕ್ಕ ನಿಮ್ಮದೇ ಅಂತ ಯಾರು ಹೇಳ್ಬೇಕು?"

ಪಣಕ್ಕೆ ತಳ್ಳಿದ್ದೂ ಹಿಂದೆ ಬರುವಂತಿರಲಿಲ್ಲ. ಟೋಪಿಯವನು ತನ್ನ ಎಲೆಗಳನ್ನು ತಿರುಗಿಸಿ ಇಟ್ಟ: ಎರಡು ರಾಣಿ. "ಕ್ಷಮಿಸಿ ಅಕ್ಕ," ಎಂದ, ಈ ಸಲ ನಗದೆ. ಅವಳು ಹೇಳಿದ್ದು ನಿಜವೆಂದು ಅಲ್ಲಿ ಪ್ರತಿಯೊಬ್ಬರಿಗೂ ಗೊತ್ತಿತ್ತು. ಅದರಿಂದ ಆಗಬೇಕಾದದ್ದು ಏನೂ ಇರಲಿಲ್ಲ.

ಮಾಂಗ್ ಎಸ್ತೆಬಾನ್ ಬಾಗಿಲವರೆಗೂ ಬಂದ. "ಬಿಡಿಸಿ ಹೇಳಬೇಕಿತ್ತು ತಂಗಿ. ನಿಂಗೊತ್ತು ಅಂದ್ಕೊಂಡೆ."

"ನಾನೂ ಹಾಗೇ ಅಂದ್ಕೊಂಡಿದ್ದೆ ಅಣ್ಣ."

ಅಷ್ಟು ಸಾವಿರ ಆಟಗಳಲ್ಲಿ ಒಂದು ಸಲವೂ ಯಾರ ಕೈಯೂ ಫೋನಿನೊಳಕ್ಕೆ ಬಂದಿರಲಿಲ್ಲ.

ಬಾಕ್ಲಾರನ್‌ನಲ್ಲಿ ಇಳಿದು ಮಲ್ಲಿಗೆ ಮಾಲೆ ಕೊಂಡಳು. ಮನೆ ತಲುಪಿದಾಗ ಇನ್ನೂ ಬಿಸಿಲಿತ್ತು. ನಾದಿನಿ ಡಿವಿನಾ ಚೀಲ ಹೆಗಲಿಗೇರಿಸಿ ಸಿದ್ಧವಾಗಿಯೇ ನಿಂತಿದ್ದಳು.

"ಬಂದ್ಯಾ ಅತ್ತಿಗೆ? ಅಬ್ಬಾ, ನನ್ನ ಕೈ ಬಿದ್ದೇ ಹೋಯ್ತು. ಬಟ್ಟೆ ಎತ್ತಕ್ಕೆ ಅಂತ ಒಂದೇ ಒಂದು ನಿಮಿಷ ಬಿಟ್ಟೆ ನೋಡು, ನಳಿಕೆ ಕಿತ್ತೇಬಿಟ್ರು. ನರ್ಸ್ ಬಂದು ಹಾಕಿ ಹೋದ್ಲು." ಮಾಲೆಯನ್ನು ಮೂಸಿದಳು. "ಏನು ಬೇಡ್ಕೊಂಡೆ?"

"ಅಮ್ಮ ಚೆನ್ನಾಗಿರ್ಲಿ ಅಂತ."

"ನೀನು ನೋಡ್ಕೊಳ್ಳೋ ಚೆಂದಕ್ಕೆ ನೂರು ವರ್ಷ ಇರ್ತಾರೆ ಬಿಡು," ಎಂದು ಡಿವಿನಾ ಅವಳ ಬೆನ್ನು ಸವರಿದಳು. ಆ ಮಾತಿನಲ್ಲಿ ಪ್ರೀತಿಯ ಹೊರತು ಬೇರೇನೂ ಇರಲಿಲ್ಲ.

ಗೇಟು ಹಾಕಿದ ಸದ್ದಾಯಿತು. ಮಾರಿವಿಕ್ ಚಪ್ಪಲಿ ಬಿಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಳು. ಅತ್ತೆಯ ಬೆರಳುಗಳು ಹಾಸಿಗೆಯ ಮೇಲೆ ತಡಕಾಡಿ ಅವಳ ಎಡಗೈಯನ್ನು ಕಂಡುಕೊಂಡವು. ಫೋನಿನಲ್ಲಿ ಸಿಸ್ಟರ್ ಬರೆದಿದ್ದರು: ನಿಮ್ಮ ಹೆಸರಿಗೇ ಜಾಗ ಇಟ್ಟಿದ್ದೇನೆ, ಬರುತ್ತೀರಲ್ಲ?

ಅವಳು ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದಳು. ಆಗುವುದಿಲ್ಲ ಸಿಸ್ಟರ್, ಬೇರೆಯವರನ್ನು ನೋಡಿಕೊಳ್ಳಿ.